ಗಾಳದ ಚೀಲಕ್ಕೊಂದು ಕ್ಯಾಮೆರಾ: ಆಳದ ಲೆಕ್ಕ ಬಿಡಿ, ಮುಚ್ಚಳ ನೋಡಿ

ವಾಟರ್‌ಪ್ರೂಫ್ ಕ್ಯಾಮೆರಾದ ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಮೀಟರ್ ಲೆಕ್ಕ. ಓಎಂ ಸಿಸ್ಟಮ್ ಟಿಜಿ-7ಕ್ಕೆ 15, ರಿಕೋ ಡಬ್ಲ್ಯುಜಿ-6ಕ್ಕೆ 20, ಹಳೆಯ ನಿಕಾನ್ ಡಬ್ಲ್ಯು300ಕ್ಕೆ 30. ಗಾಳ ಹಾಕುವವರಿಗೆ ಈ ಅಂಕಿಯಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಹೊಳೆಯಲ್ಲಿ ಮೀನನ್ನು ಬಿಡುವ ಫೋಟೊ ತೆಗೆಯುವಾಗ ಕ್ಯಾಮೆರಾ ಮುಳುಗುವುದು ಮೊಣಕೈ ಆಳಕ್ಕೆ. ಅಳಿವೆಯಲ್ಲಿ ದೋಣಿಯಿಂದ ಜಾರಿ ಬಿದ್ದರೆ ಅದು 15 ಮೀಟರ್ ತಡೆದರೇನು, 30 ತಡೆದರೇನು, ಇಳಿದು ಹುಡುಕುವವರು ಯಾರು?

ಇನ್ನೊಂದು ಮಾತು. ಆ ಮೀಟರ್ ಲೆಕ್ಕ ನಿಂತ ನೀರಿನ ಒತ್ತಡದ್ದು. ನೀರು ತಡೆಯುವ ಮಟ್ಟ ಹೇಳುವ ಐಪಿಎಕ್ಸ್8 ಎಂಬ ಗುರುತಿಗೆ, ಮುಳುಗಿಸಿಟ್ಟರೆ ನೀರು ಒಳಗೆ ಹೋಗದು ಎಂದಷ್ಟೇ ಅರ್ಥ. ರಭಸವಾಗಿ ಚಿಮ್ಮುವ ನೀರಿನ ಪರೀಕ್ಷೆಯೇ ಬೇರೆ, ಅದರ ಅಂಕಿಗಳು 5 ಮತ್ತು 6. ಆದ್ದರಿಂದ ದಡಕ್ಕೆ ಬಂದು ಪೈಪು ಹಿಡಿದು ಜೋರಾಗಿ ನೀರು ಬಿಟ್ಟು ಕ್ಯಾಮೆರಾ ತೊಳೆಯಬೇಡಿ.

ಈ ಕ್ಯಾಮೆರಾಗಳಿಗೆ ನೀರು ನುಗ್ಗುವ ದಾರಿ ಹೆಚ್ಚಾಗಿ ಒಂದೇ: ಬ್ಯಾಟರಿ ಮತ್ತು ಕಾರ್ಡ್ ಹಾಕುವ ಮುಚ್ಚಳ. ಅದರ ಒಳಅಂಚಿನಲ್ಲಿ ಸುತ್ತಲೂ ತೆಳ್ಳಗಿನ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಒಂದು ಕೂದಲು, ಒಂದು ಮರಳ ಕಣ, ಬಟ್ಟೆಯ ಒಂದು ಎಳೆ ಅದರ ಮೇಲೆ ಅಡ್ಡಬಿದ್ದರೂ ಸಾಕು, ಅದರ ಪಕ್ಕದ ಸಂದಿನಿಂದ ನೀರು ನುಸುಳುತ್ತದೆ. ಗಾಳ ಹಾಕುವವರ ಕೈಯಲ್ಲಿ ಇವಕ್ಕಿಂತ ಕೆಟ್ಟದ್ದೂ ಇರುತ್ತದೆ. ಹೊಳೆಮೀನಿಗೆ ಕಲಸಿದ ರಾಗಿ ಮುದ್ದೆ ಒಣಗಿದರೆ ಗ್ಯಾಸ್ಕೆಟ್ಟಿಗೆ ಸಿಮೆಂಟಿನಂತೆ ಅಂಟಿಕೊಳ್ಳುತ್ತದೆ. ಮೀನಿನ ಲೋಳೆ, ಸಿಗಡಿ ಚೂರು, ಪೊರೆ, ಯಾವುದೂ ಕಡಿಮೆಯಲ್ಲ.

ಹಾಗಾಗಿ ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಮುಚ್ಚಳವನ್ನೇ. ಚಿಲಕಕ್ಕೆ ಎರಡು ಹಂತ ಇದೆಯೇ, ಒಂದು ಗುಂಡಿ ತಪ್ಪಿ ಒತ್ತಿದರೆ ತೆರೆದುಕೊಳ್ಳುತ್ತದೆಯೇ, ಅರೆಬರೆ ಮುಚ್ಚಿದ್ದರೆ ಕಣ್ಣಿಗೆ ಬೀಳುವ ಹಾಗೆ ಬಣ್ಣದ ಗುರುತು ಇದೆಯೇ. ಕೆಲವು ಮಾಡೆಲ್‌ಗಳಲ್ಲಿ ಚಾರ್ಜಿಂಗ್ ಕಿಂಡಿಗೆ ಬೇರೆಯದೇ ಮುಚ್ಚಳ ಇರುತ್ತದೆ. ಆಗ ಜೋಪಾನ ಮಾಡಬೇಕಾದ ಗ್ಯಾಸ್ಕೆಟ್‌ಗಳು ಎರಡು.

ಬಳಕೆಯಲ್ಲಿ ನಿಯಮ ಸುಲಭ: ಹಿಂದಿನ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಿ, ಖಾಲಿ ಕಾರ್ಡ್ ಹಾಕಿ, ಗ್ಯಾಸ್ಕೆಟ್ ಒರೆಸಿ, ಮುಚ್ಚಿಬಿಡಿ. ನೀರಿನ ಹತ್ತಿರ ತೆರೆಯುವ ಪ್ರಸಂಗವೇ ಬರಬಾರದು. ಟಿಜಿ-7ರ ಬ್ಯಾಟರಿಗೆ ಕಂಪನಿ ಹೇಳುವ ಲೆಕ್ಕ ಒಂದು ಚಾರ್ಜಿಗೆ ಸುಮಾರು 330 ಫೋಟೊ; ವಿಡಿಯೊ ತೆಗೆಯದಿದ್ದರೆ ಒಂದು ದಿನಕ್ಕೆ ಧಾರಾಳ. 4ಕೆ ವಿಡಿಯೊ ಸೆಕೆಂಡಿಗೆ ಸುಮಾರು 100 ಮೆಗಾಬಿಟ್ ತಿನ್ನುತ್ತದೆ, 64 ಜಿಬಿ ಕಾರ್ಡಿನಲ್ಲಿ ಒಂದೂಕಾಲು ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ. ಕಾರ್ಡ್ ತುಂಬುವ ಮೊದಲೇ ಬ್ಯಾಟರಿ ಕೈಕೊಡುತ್ತದೆ. ಬದಲಿಸಲೇಬೇಕಾದರೆ ದಡಕ್ಕೆ ಬಂದು, ಕೈ ತೊಳೆದು ಒರೆಸಿ, ಕ್ಯಾಮೆರಾದ ಹೊರಮೈಯನ್ನೂ ಒಣಗಿಸಿ, ಮುಚ್ಚಳ ಕೆಳಮುಖವಾಗಿ ಹಿಡಿದು ತೆರೆಯಿರಿ. ಆಗ ಅಂಚಿನಲ್ಲಿ ನಿಂತ ಹನಿ ಒಳಗೆ ಬೀಳದೆ ನೆಲಕ್ಕೆ ಬೀಳುತ್ತದೆ. ಕೈಪಿಡಿಯಲ್ಲಿ ಹೇಳದೆ ಗ್ಯಾಸ್ಕೆಟ್ಟಿಗೆ ಗ್ರೀಸ್ ಹಚ್ಚಲು ಹೋಗಬೇಡಿ, ಮರಳು ಬಂದು ಅಲ್ಲೇ ಕೂರುತ್ತದೆ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ; ಅದನ್ನು ಬಳಿದುಕೊಂಡ ಕೈಯನ್ನು ಸೋಪು ಹಾಕಿ ತೊಳೆಯದೆ ಕ್ಯಾಮೆರಾ ಮುಟ್ಟಬಾರದು.

ಮುಚ್ಚಳ ಆದ ಮೇಲೆ ಬೆಳಕು. ಮೀನು ಕಚ್ಚುವುದು ಹೆಚ್ಚಾಗಿ ಬೆಳಗಿನ ಜಾವ ಮತ್ತು ಸಂಜೆಗತ್ತಲಲ್ಲಿ, ಅಂದರೆ ಸಣ್ಣ ಸೆನ್ಸರಿಗೆ (ಬೆಳಕು ಹಿಡಿಯುವ ಚಿಪ್ಪಿಗೆ) ಕಷ್ಟದ ಹೊತ್ತಿನಲ್ಲಿ. ಈ ಬಗೆಯ ಗಟ್ಟಿ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು 1/2.3 ಇಂಚಿನ ಆಸುಪಾಸಿನ ಚಿಕ್ಕ ಸೆನ್ಸರ್. 12 ಮೆಗಾಪಿಕ್ಸೆಲ್ಲೋ 20 ಮೆಗಾಪಿಕ್ಸೆಲ್ಲೋ ಎಂಬುದರಿಂದ ಇಲ್ಲಿ ಹೆಚ್ಚೇನೂ ಬದಲಾಗದು. ವ್ಯತ್ಯಾಸ ಮಾಡುವುದು ಲೆನ್ಸಿನ ಎಫ್ ಸಂಖ್ಯೆ; ಅದು ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಟಿಜಿ-7 ಮತ್ತು ಅದರ ಹಿಂದಿನ ಟಿಜಿ-6ರಲ್ಲಿ ಅದು ಅಗಲದ ತುದಿಯಲ್ಲಿ, ಅಂದರೆ ಜೂಮ್ ಮಾಡದಿದ್ದಾಗ, ಎಫ್/2.0. ಡಬ್ಲ್ಯುಜಿ-6ರಲ್ಲಿ ಎಫ್/3.5. 3.5ನ್ನು 2ರಿಂದ ಭಾಗಿಸಿ ವರ್ಗ ಮಾಡಿದರೆ ಮೂರು ಚಿಲ್ಲರೆ: ಅಂದರೆ ಮೊದಲನೆಯದು ಮೂರು ಪಟ್ಟು ಬೆಳಕು ತೆಗೆದುಕೊಳ್ಳುತ್ತದೆ. ಒಂದರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400 ಸಾಕಾಗುವಲ್ಲಿ ಇನ್ನೊಂದು 1200ಕ್ಕೆ ಏರಬೇಕು, ಆಗ ಮೀನಿನ ಪೊರೆಯ ವಿವರವೆಲ್ಲ ಕಲಸಿಹೋಗುತ್ತದೆ. ಆದರೆ ಜೂಮ್ ಮಾಡಿದರೆ ಈ ಲಾಭ ಉಳಿಯುವುದಿಲ್ಲ. ಟಿಜಿ-7 ಕೂಡ ಜೂಮ್ ತುದಿಯಲ್ಲಿ ಎಫ್/4.9ಕ್ಕೆ ಬಂದು ನಿಲ್ಲುತ್ತದೆ. ಮಬ್ಬು ಬೆಳಕಿದ್ದಾಗ ಜೂಮ್ ಬಿಟ್ಟು ಒಂದು ಹೆಜ್ಜೆ ಹತ್ತಿರ ಹೋಗುವುದೇ ಸರಿ.

ಫೋನ್ ಸಾಲದೇ ಎಂದು ಕೇಳುವವರಿದ್ದಾರೆ. ಫೋಟೊದ ಗುಣದಲ್ಲಿ ಒಳ್ಳೆಯ ಫೋನ್ ಈ ಕ್ಯಾಮೆರಾಗಳನ್ನು ಮೀರಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ತೊಡಕು ಬೇರೆ ಕಡೆ. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಓಗೊಡುವುದಿಲ್ಲ, ನೀರೊಳಗಂತೂ ಇಲ್ಲವೇ ಇಲ್ಲ. ಫೋನಿನ ಐಪಿ68 ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಸಮುದ್ರದ ನೀರಿಗೆ ಅದು ಭರವಸೆ ಕೊಡುವುದಿಲ್ಲ. ಗೋಪ್ರೊದಂಥ ಆಕ್ಷನ್ ಕ್ಯಾಮೆರಾ ವಿಡಿಯೊಗೆ ಚೆಂದ, ಆದರೆ ಅದರ ಅತಿ ಅಗಲದ ಲೆನ್ಸಿನಲ್ಲಿ ಒಂದು ಕೈ ದೂರದ ಮೀನು ಬೆರಳುದ್ದ ಕಾಣುತ್ತದೆ. ಅದೇ ಮೀನನ್ನು ಲೆನ್ಸಿಗೆ ಒಡ್ಡಿ ಹಿಡಿದರೆ ತಿಮಿಂಗಿಲ! ಕೆಲವರಿಗೆ ಬೇಕಾದದ್ದೂ ಅದೇ ಎನ್ನಿ.

ಗುಂಡಿಗಳನ್ನು ಅಂಗಡಿಯಲ್ಲೇ ಒದ್ದೆ ಕರ್ಚೀಫು ಸುತ್ತಿದ ಬೆರಳಿನಿಂದ ಒತ್ತಿ ನೋಡಿ. ಶಟರ್ ಗುಂಡಿ ಮತ್ತು ವಿಡಿಯೊ ಗುಂಡಿ ಅಂಟಿಕೊಂಡಂತಿದ್ದರೆ ದೋಣಿ ಕುಲುಕುವಾಗ ತಪ್ಪು ಗುಂಡಿಯೇ ಕೈಗೆ ಸಿಗುತ್ತದೆ. ಲೆನ್ಸ್ ಕಿಟಕಿ ಮೂಲೆಯಲ್ಲಿರುವ ಮಾಡೆಲ್‌ಗಳಲ್ಲಿ ಪ್ರತಿ ಎರಡನೇ ಫೋಟೊದಲ್ಲಿ ನಿಮ್ಮ ಬೆರಳೂ ಇರುತ್ತದೆ. ಬಣ್ಣ ಕೆಂಪೇ ಇರಲಿ: ದೋಣಿಯ ತಳದಲ್ಲೂ ಕೆಸರಲ್ಲೂ ಬೇಗ ಕಾಣುತ್ತದೆ, ಬಿಸಿಲಿಗೆ ಕಪ್ಪಿನಷ್ಟು ಕಾಯುವುದೂ ಇಲ್ಲ.

ಇವು ಯಾವುವೂ ತೇಲುವುದಿಲ್ಲ. ತೇಲುವ ಫೋಮ್ ಪಟ್ಟಿ ಬೇರೆಯಾಗಿ ಕೊಳ್ಳಬೇಕು. ಟಿಜಿ-7ರ ತೂಕ ಬ್ಯಾಟರಿ ಕಾರ್ಡ್ ಸೇರಿ ಸುಮಾರು 249 ಗ್ರಾಂ. ನೀರಲ್ಲಿ ಇನ್ನೂ ಹಗುರ. ಪಟ್ಟಿ 250 ಗ್ರಾಂ ಎತ್ತುತ್ತದೆ ಎಂದಿದ್ದರೆ ಚಿಂತೆಯಿಲ್ಲ. ಆದರೂ ಮನೆಯ ಬಕೆಟ್ಟಿನಲ್ಲಿ ಒಮ್ಮೆ ಬಿಟ್ಟು ನೋಡಿ. ಸಿಹಿನೀರಲ್ಲಿ ತೇಲಿದ್ದು ಉಪ್ಪುನೀರಲ್ಲಿ ತೇಲಿಯೇ ತೇಲುತ್ತದೆ.

ಲೆನ್ಸ್ ಒಳಗಿನಿಂದ ಮಂಜಾಗುವುದು ಕರಾವಳಿಯಲ್ಲಿ ನಿತ್ಯದ ದೂರು. ಸೆಕೆಯ ಮಧ್ಯಾಹ್ನ ತೆರೆದು ಮುಚ್ಚಿದರೆ ಆ ತೇವದ ಗಾಳಿ ಒಳಗೇ ಉಳಿಯುತ್ತದೆ. ತಣ್ಣನೆಯ ನೀರಿಗೆ ಇಳಿಸಿದೊಡನೆ ಗಾಜಿನ ಒಳಮೈಯಲ್ಲಿ ಹನಿಗಟ್ಟುತ್ತದೆ. ಎಸಿ ಇರುವ ಕೋಣೆಯಲ್ಲಿ ಅರ್ಧ ಗಂಟೆ ಮುಚ್ಚಳ ತೆರೆದಿಟ್ಟು ಅಲ್ಲೇ ಮುಚ್ಚಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಟಿಜಿ-6, ಟಿಜಿ-7ರ ಮುಂದಿನ ಎರಡು ಪದರದ ಗಾಜೂ ಇದಕ್ಕೆಂದೇ ಇರುವುದು.

ನೀರೊಳಗಿನ ಮೀನನ್ನು ಮೇಲಿನಿಂದ ತೆಗೆಯುವಾಗ ಬೆಳಕು ಕುಕ್ಕಿದರೆ ಪೋಲರೈಸರ್, ಅಂದರೆ ನೀರಿನ ಮೇಲಿನ ಹೊಳಪು ತಡೆಯುವ ಫಿಲ್ಟರ್, ಬೇಕು. ಟಿಜಿ ಸರಣಿಗೆ ಸಿಎಲ್‌ಎ-ಟಿ01 ಎಂಬ ಅಡಾಪ್ಟರ್ ಹಾಕಿದರೆ 40.5 ಮಿ.ಮೀ. ಫಿಲ್ಟರ್ ಕೂರುತ್ತದೆ. ಖರ್ಚು ಬೇಡವೆಂದರೆ ಮೀನುಗಾರರ ಪೋಲರಾಯ್ಡ್ ಕನ್ನಡಕವನ್ನೇ ಲೆನ್ಸಿಗೆ ಅಡ್ಡ ಹಿಡಿದು, ಹೊಳಪು ಮಾಯವಾಗುವವರೆಗೆ ತಿರುಗಿಸಿ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಮೇಲಿನಿಂದ ನೋಡಿದರೆ ಪರಿಣಾಮ ಅತಿ ಹೆಚ್ಚು.

ಹಿಡಿದು ಬಿಡುವ ಮೀನಾದರೆ ಕ್ಯಾಮೆರಾ ಮೊದಲೇ ಸಿದ್ಧವಿರಬೇಕು. ಕಾವೇರಿಯ ಗೂನುಬೆನ್ನಿನ ಮಹಸೀರ್ 2018ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಳಿವಿನ ತೀವ್ರ ಅಪಾಯದ ಪಟ್ಟಿ ಸೇರಿದೆ, ಅಂಥ ಮೀನನ್ನು ದಡದ ಕಲ್ಲಿನ ಮೇಲೆ ಮಲಗಿಸಿ ಮೆನು ಹುಡುಕುತ್ತಾ ಕೂರುವಂತಿಲ್ಲ. ಮೀನು ಬಲೆಯೊಳಗೆ ನೀರಲ್ಲೇ ಇರಲಿ. ಫ್ಲ್ಯಾಶ್ ಬಂದ್, ಎಕ್ಸ್‌ಪೋಶರ್ -0.7 (ಬೆಳ್ಳಿ ಪೊರೆ ಬಿಳಿಚಿಕೊಳ್ಳದಿರಲು), ಒಂದರ ಹಿಂದೊಂದು ಕ್ಲಿಕ್ಕಾಗುವ ಬರ್ಸ್ಟ್ ಮೋಡ್. ಹಿಡಿದವರು ಕೈ ಒದ್ದೆ ಮಾಡಿಕೊಂಡು ಎತ್ತಿ, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಇಳಿಸಲಿ. ಹಾರುವ ಮೀನಿಗೆ ಟಿಜಿಯ ಪ್ರೊ ಕ್ಯಾಪ್ಚರ್ ಒಳ್ಳೆಯದು: ಗುಂಡಿ ಅರ್ಧ ಒತ್ತಿ ಕಾದರೆ, ಪೂರ್ತಿ ಒತ್ತುವ ಅರ್ಧ ಸೆಕೆಂಡ್ ಮುಂಚಿನ ಚಿತ್ರಗಳೂ ಸಿಗುತ್ತವೆ. ಜಿಪಿಎಸ್ ಮಾತ್ರ ಆಫ್ ಇರಲಿ. ಬ್ಯಾಟರಿ ತಿನ್ನುವುದು ಒಂದು ಕಡೆ, ಫೋಟೊ ಹಂಚಿದಾಗ ನಿಮ್ಮ ಗುಟ್ಟಿನ ಮಡುವಿನ ವಿಳಾಸವೂ ಹಂಚಿಹೋಗಬಹುದು.

ಸಮುದ್ರದಿಂದ ಬಂದ ದಿನ ಮುಚ್ಚಳ ತೆರೆಯದೆ, ಬಕೆಟ್ಟಿನ ಸಿಹಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿಡಿ; ನಡುವೆ ಎಲ್ಲ ಗುಂಡಿಗಳನ್ನೂ ನಾಲ್ಕೈದು ಸಲ ಒತ್ತಿ, ಸಂದಿನ ಉಪ್ಪು ಕರಗುತ್ತದೆ. ಲೆನ್ಸ್ ಗಾಜನ್ನು ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳೇ ಗೀರು ಹಾಕುತ್ತದೆ. ಒಣಗಿಸುವುದು ನೆರಳಲ್ಲಿ. ಗ್ಯಾಸ್ಕೆಟ್ಟನ್ನು ವರ್ಷಕ್ಕೊಮ್ಮೆ ಸರ್ವಿಸ್‌ನಲ್ಲಿ ಬದಲಿಸಬೇಕು, ಆ ಖರ್ಚನ್ನು ಕ್ಯಾಮೆರಾದ ಬೆಲೆಯ ಜೊತೆಗೇ ಲೆಕ್ಕ ಹಾಕಿಕೊಳ್ಳಿ.

ಡಬ್ಲ್ಯು300, ಫ್ಯೂಜಿಫಿಲ್ಮ್ ಎಕ್ಸ್‌ಪಿ140 ಈಗ ತಯಾರಾಗುತ್ತಿಲ್ಲ. ಸಿಗುವುದು ಸೆಕೆಂಡ್ ಹ್ಯಾಂಡ್. ಕಡಿಮೆ ಬೆಲೆಗೆ ಬಂದರೆ ಬ್ಯಾಟರಿ, ಕಾರ್ಡ್ ತೆಗೆದು, ಆ ಜಾಗಕ್ಕೆ ಒಣ ಟಿಶ್ಯೂ ಕಾಗದದ ಪಟ್ಟಿ ತುರುಕಿ, ಮುಚ್ಚಿ ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿ. ಹೊರಗೆ ಚೆನ್ನಾಗಿ ಒರೆಸಿ ತೆರೆಯಿರಿ. ಕಾಗದದ ಒಂದು ಮೂಲೆ ಒದ್ದೆಯಾಗಿದ್ದರೂ ಹಣ ಜೇಬಿನಲ್ಲೇ ಇರಲಿ. ಇದಕ್ಕೆ ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.