ಕೂಸಿಗೆ ಎರೆಯುವಾಗ

ಮುಂಬಯಿ ಹತ್ತಿರದ ಡೊಂಬಿವಲಿ, 13 ಜುಲೈ 2024, ಶನಿವಾರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಕೂಸಿನ ಬಟ್ಟೆಗಳನ್ನು ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಹರವಿದ್ದೇನೆ. ಒಂದರ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಕಲೆ ಉಳಿದಿದೆ, ಎರಡು ಸಲ ಸೋಪು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ಇದನ್ನು ಬರೆಯಲು ಸಂಕೋಚವಿದೆ. ಆದರೂ ಬರೆಯುತ್ತೇನೆ, ಹೆಂಗಸರು ನಾವು ಸಂಕೋಚಪಟ್ಟು ಸುಮ್ಮನಿದ್ದುದರಿಂದಲೇ ಗಂಡು ಕೂಸಿಗೆ ಎರೆಯುವಾಗ ಶಿಶ್ನದ ಚರ್ಮ ಎಳೆಯುವ ಈ ರೂಢಿ ಮನೆಯಿಂದ ಮನೆಗೆ ನಡೆದುಕೊಂಡು ಬಂದಿದೆ.

ಮಗಳ ಬಾಣಂತನಕ್ಕೆ ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಯಿತು. ಮೊಮ್ಮಗನಿಗೆ ಇಂದಿಗೆ 36 ದಿನ. ನನ್ನ ಸೊಂಟಕ್ಕೆ ಶಕ್ತಿ ಸಾಲದೆಂದು ಎರೆಯಲು ಮಾಲೀಶಿನ ಬಾಯಿಯನ್ನು ಗೊತ್ತು ಮಾಡಿದ್ದೇವೆ (ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು). ಒಳ್ಳೆಯ ಹೆಂಗಸು, ಹದವಾದ ಕೈ. ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರೆ ಅದು ಕಣ್ಣು ಅರೆಮುಚ್ಚಿ ಸುಖಪಡುತ್ತದೆ. ಕೊನೆಯಲ್ಲಿ ಎರಡು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಶಿಶ್ನದ ತುದಿಯ ಚರ್ಮವನ್ನು ಹಿಂದಕ್ಕೆ ಎಳೆಯುತ್ತಾರೆ. ದಿನಾಲೂ ಒಂದಿಷ್ಟು ಬಿಡಿಸದಿದ್ದರೆ ಮುಂದೆ ಆಪರೇಶನ್ನೇ ಗತಿ ಎಂದು ಅವರಿಗೆ ಅವರ ಅತ್ತೆ ಕಲಿಸಿದ್ದರಂತೆ. ನನಗೆ ನನ್ನ ಅವ್ವ ಕಲಿಸಿದ್ದೂ ಅದನ್ನೇ. "ಅವ್ವಾ, ಅದೊಂದು ಬೇಡವೆಂದು ಹೇಳು" ಎಂದು ಮಗಳು ಮೂರು ದಿನಗಳಿಂದ ಹೇಳುತ್ತಿದ್ದಳು. ಎರಡು ಮಕ್ಕಳನ್ನು ಸಾಕಿದವಳು ನಾನು ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಇವತ್ತಿನ ಅಳು ಬೇರೆ. ಬಾಯಿ ತೆರೆದಿತ್ತು, ಧ್ವನಿಯೇ ಹೊರಡಲಿಲ್ಲ, ಮುಖ ಕಪ್ಪಿಟ್ಟಿತು. ಒರೆಸಿ ನೋಡಿದರೆ ಬಟ್ಟೆಗೆ ರಕ್ತ.

ರಿಕ್ಷಾ ಹಿಡಿದು ಮಕ್ಕಳ ಡಾಕ್ಟರರ ಬಳಿಗೆ ಓಡಿದೆವು. ಬೆಳಗಾವಿಯಲ್ಲಿ ಓದಿದವರು, ಕನ್ನಡ ಚೆನ್ನಾಗಿ ಬರುತ್ತದೆ. ಎಳೆದ ಚರ್ಮ ಮುಂದಕ್ಕೆ ಮರಳಿದೆಯೇ ಎಂದು ಮೊದಲು ನೋಡಿದರು. ಅದು ಹಿಂದೆಯೇ ಸಿಕ್ಕಿಕೊಂಡರೆ ತುದಿ ಬಾತುಕೊಂಡು ರಕ್ತ ಸಂಚಾರವೇ ನಿಲ್ಲಬಹುದು, ಆಗ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕಂತೆ. ದೇವರ ದಯೆ, ಹಾಗಾಗಿರಲಿಲ್ಲ. ಚಿಕ್ಕದೊಂದು ಸೀಳು ಮಾತ್ರ. ಬೆಚ್ಚಗಿನ ಬರೀ ನೀರಿನಲ್ಲಿ ಮೇಲಿಂದ ಮೇಲೆ ತೊಳೆಯಿರಿ, ಮುಟ್ಟಬೇಡಿ ಎಂದರು.

ಆಮೇಲೆ ನನ್ನನ್ನೇ ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಹುಟ್ಟುವಾಗ ಗಂಡು ಕೂಸಿನ ಮುಂದೊಗಲು ಒಳಗಿನ ತುದಿಗೆ ಅಂಟಿಕೊಂಡೇ ಇರುತ್ತದೆ. ಅದು ರೋಗವಲ್ಲ. ಬ್ರಿಟನ್ನಿನ ಡಗ್ಲಸ್ ಗೈರ್ಡ್ನರ್ ಎಂಬ ವೈದ್ಯರು 1949ರಲ್ಲೇ ಬರೆದಿದ್ದಾರಂತೆ: ಆಗ ತಾನೇ ಹುಟ್ಟಿದ 100 ಗಂಡು ಮಕ್ಕಳಲ್ಲಿ ಚರ್ಮ ಪೂರ್ತಿ ಹಿಂದೆ ಸರಿಯುವುದು ಬರೀ 4 ಮಕ್ಕಳಿಗೆ. ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲೆಯ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ 1968ರಲ್ಲಿ ಲೆಕ್ಕ ಕೊಟ್ಟರು. ಆರೇಳು ವರ್ಷದವರಲ್ಲಿ ನೂರಕ್ಕೆ 63 ಹುಡುಗರಿಗೆ ಇನ್ನೂ ಅಂಟು ಉಳಿದಿತ್ತು, 16-17ರ ಹೊತ್ತಿಗೆ ನೂರಕ್ಕೆ 3 ಮಂದಿಗೆ. ಯಾರೂ ಎಳೆಯದೆಯೇ ಬಿಟ್ಟಿತ್ತು. ನನಗೆ ನಮ್ಮ ಹಿತ್ತಲಿನ ಹುಣಸೆಮರ ನೆನಪಾಯಿತು. ಹಸಿ ಕಾಯಿಯ ಸಿಪ್ಪೆ ಕೆರೆದರೆ ತಿರುಳೂ ಕಿತ್ತು ಬರುತ್ತದೆ, ಹಣ್ಣಾದಾಗ ಸಿಪ್ಪೆ ತಾನೇ ಬಿಟ್ಟುಕೊಂಡಿರುತ್ತದೆ.

ಎಳೆದಾಗ ಆಗುವ ಸೀಳು ಮಾಯುವಾಗ ಗಟ್ಟಿ ಕಲೆಯಾಗಬಹುದು, ಆ ಕಲೆಯೇ ಚರ್ಮದ ತುದಿಯನ್ನು ಬಿಗಿ ಮಾಡಬಹುದು. ಆಪರೇಶನ್ ತಪ್ಪಿಸಲೆಂದು ಮಾಡಿದ್ದೇ ಆಪರೇಶನ್ನಿಗೆ ದಾರಿ ಮಾಡುತ್ತದೆ ಎಂದು ಅವರು ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ನನ್ನ ಮಗನಿಗೆ ಏಳು ವರ್ಷವಾದಾಗ ಚರ್ಮ ಬಿಗಿಯಾಗಿ, ಮೂತ್ರ ಮಾಡುವಾಗಲೆಲ್ಲ ಗೋಡೆ ಹಿಡಿದು ಅಳುತ್ತಿದ್ದ. ಕೊನೆಗೆ ಚರ್ಮ ತೆಗೆಸಬೇಕಾಯಿತು. ಹುಟ್ಟಿನಿಂದಲೇ ಹಾಗೆ ಎಂದು ಇಷ್ಟು ವರ್ಷ ನಂಬಿದ್ದೆ. ಅವನಿಗೆ ದಿನಾಲೂ ಎಣ್ಣೆ ಹಚ್ಚಿ ಎಳೆಯುತ್ತಿದ್ದ ಬೆರಳುಗಳು ನನ್ನವೇ. ಡಾಕ್ಟರರನ್ನು ಕೇಳಿಯೇ ಬಿಟ್ಟೆ. "ಇಷ್ಟು ವರ್ಷಗಳ ಮೇಲೆ ಅದರಿಂದಲೇ ಎಂದು ಯಾರೂ ಹೇಳಲಾರರು ಅಮ್ಮಾ" ಎಂದರು. ಅಲ್ಲವೆಂದೂ ಅವರು ಹೇಳಲಿಲ್ಲ.

ಹಾಗಿದ್ದರೆ ಆ ಚರ್ಮವನ್ನು ಈಗಲೇ ತೆಗೆಸಿಬಿಡುವುದು ಒಳ್ಳೆಯದಲ್ಲವೇ, ಅಮೆರಿಕದಲ್ಲಿ ಮಾಡಿಸುತ್ತಾರಲ್ಲ ಎಂದು ಅಳಿಯಂದಿರು ಕೇಳಿದರು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ್ದು ಇಷ್ಟು: ಅಪಾಯಕ್ಕಿಂತ ಲಾಭ ಹೆಚ್ಚು, ಆದರೂ ಹುಟ್ಟಿದ ಗಂಡು ಮಕ್ಕಳೆಲ್ಲರಿಗೂ ಮಾಡಿಸಿ ಎನ್ನುವಷ್ಟು ದೊಡ್ಡ ಲಾಭವಲ್ಲ, ತಂದೆ ತಾಯಿ ಯೋಚಿಸಿ ನಿರ್ಧರಿಸಲಿ. ಮೂತ್ರದ ಸೋಂಕು ಕಡಿಮೆಯಾಗುವುದು ನಿಜ, ಆದರೆ ಒಂದು ಕೂಸಿನ ಸೋಂಕು ತಪ್ಪಿಸಲು ನೂರಕ್ಕೂ ಹೆಚ್ಚು ಕೂಸುಗಳಿಗೆ ಮಾಡಬೇಕು. ಎಚ್‌ಐವಿ ತಗಲುವ ಸಂಭವ ಸುಮಾರು 60 ಪ್ರತಿಶತ ತಗ್ಗಿತೆಂದು ದಕ್ಷಿಣ ಆಫ್ರಿಕ, ಕೆನ್ಯಾ, ಉಗಾಂಡಾಗಳಲ್ಲಿ ಕಂಡುಬಂದದ್ದು ಬೆಳೆದ ಗಂಡಸರಲ್ಲಿ. ನಮ್ಮ ಕೂಸಿಗೆ ಈಗ ಅವಸರವೇನೂ ಇಲ್ಲ ಎಂದು ಡಾಕ್ಟರರು ಮುಗಿಸಿದರು. ಅಳಿಯಂದಿರೂ ಒಪ್ಪಿದರು.

ಮಧ್ಯಾಹ್ನ ಎರಡನೆಯ ಮಹಡಿಯ ವಿಜಯಪುರದ ಬೀಬಿ ಕೂಸನ್ನು ನೋಡಲು ಬಂದಿದ್ದರು. ಅವರ ಮೊಮ್ಮಗನಿಗೆ ಮುಂದಿನ ವಾರ ಸುನ್ನತಿ. ನಮ್ಮ ಕಡೆ ಅದಕ್ಕೂ ಮುಂಜಿ ಎಂದೇ ಹೇಳುವುದು. ಅವರ ಹಿರಿಯರ ಕಾಲದಲ್ಲಿ ಮನೆಗೇ ಬಂದು ಮಾಡುತ್ತಿದ್ದರು, ಈಗ ಆಸ್ಪತ್ರೆಯಲ್ಲಿ, ನೋವು ತಿಳಿಯದ ಸೂಜಿ ಕೊಟ್ಟ ಮೇಲೆಯೇ. ತಾಯಿಯ ತವರಿನಲ್ಲಿ ಯಾರಿಗಾದರೂ ಗಾಯವಾದರೆ ರಕ್ತ ನಿಲ್ಲದ ಕಾಯಿಲೆ ಇದೆಯೇ ಎಂದು ಸರ್ಜನ್ ಮೊದಲು ಕೇಳಿದರಂತೆ. ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಗಿದ್ದರೆ ಮಾಡುವುದೇ ಇಲ್ಲವಂತೆ, ಅದನ್ನು ಸರಿಪಡಿಸಲು ಆ ಚರ್ಮವೇ ಬೇಕಾಗುತ್ತದೆ. ಎಷ್ಟು ವಿಚಾರಿಸಿಕೊಂಡಿದ್ದಾರೆ! ನಾನು ಒಂದೇ ಒಂದು ಪ್ರಶ್ನೆ ಕೇಳದೆ ಎಳೆಯಲು ಬಿಟ್ಟಿದ್ದೆ.

ಡಾಕ್ಟರರು ಹೇಳಿದ ಲಕ್ಷಣಗಳನ್ನು ಮಗಳು ಚೀಟಿಯಲ್ಲಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದ್ದಾಳೆ. ಜ್ವರ, ಕೆಂಪಾಗಿ ಬಾವು, ಮೂತ್ರ ಹನಿಹನಿಯಾಗಿ ಬರುವುದು, ಮಾಡುವಾಗ ಅಳು: ಇವು ಕಂಡರೆ ತಡಮಾಡಬಾರದು. ಚರ್ಮದಡಿ ಅಕ್ಕಿ ನುಚ್ಚಿನಂಥ ಬಿಳಿಯದು ಕಂಡರೆ ಕೀವೆಂದು ಹೆದರಿ ಹಿಸುಕಬಾರದು, ಅದು ಉದುರಿದ ಚರ್ಮದ ಕಣ.

ಮಗ ಬರುವ ತಿಂಗಳು ಇಲ್ಲಿಗೆ ಬರುತ್ತಾನೆ. ಅವನಿಗೆ ಫೋನಿನಲ್ಲಿ ಹೇಳಲು ನನ್ನಿಂದಾಗದು, ಎದುರು ಕೂತು ಹೇಳುತ್ತೇನೆ.

ಸಂಜೆ ಮಾಲೀಶಿನ ಬಾಯಿಗೆ ಫೋನ್ ಮಾಡಿದೆ. ಕೆಲಸ ಬಿಡಿಸಿಬಿಟ್ಟೇವೆಂದು ಹೆದರಿದ್ದರು. ನಾಳೆ ಎಂದಿನಂತೆ ಎಂಟಕ್ಕೆ ಬನ್ನಿ, ಅದೊಂದನ್ನು ಮಾತ್ರ ಮುಟ್ಟಬೇಡಿ ಎಂದು ನನಗೆ ಬರುವ ಹರಕು ಮರಾಠಿಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಅವರಿಂದ ಮಾತೇ ಬರಲಿಲ್ಲ. ಆಮೇಲೆ, ತಮ್ಮ ಮಗಳ ಮನೆಯಲ್ಲಿ ಎರಡು ತಿಂಗಳ ಗಂಡು ಕೂಸಿದೆ, ಡಾಕ್ಟರರು ಹೇಳಿದ್ದನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ ಎಂದರು. ಅಷ್ಟು ಮರಾಠಿ ನನಗೆ ಬರುವುದಿಲ್ಲ. ಕೂಸನ್ನು ನಾನೆತ್ತಿಕೊಂಡು ಫೋನನ್ನು ಮಗಳ ಕೈಗೆ ಕೊಟ್ಟೆ.