ಮನ್ಯಾಗ ಮತ್ತ ಯಾರ್ದರೆ ಪಗಾರ ಬರ್ತೈತೇನ್ರಿ?

ಕಬ್ಬಿಣ ಕಡೆಯೋ ಹಳೇ ಲೇಥ್ ಮಷಿನ್ ಒಂದು ಮಾರಾಟಕ್ಕಿದೆ ಅಂತ ಗೊತ್ತಾಗಿ ಮಂಗಳವಾರ ಶಿಫ್ಟ್ ಮುಗಿಸಿ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಶೆಡ್ಡಿಗೆ ಹೋಗಿದ್ದೆ. ಮಾಲೀಕರು ವಯಸ್ಸಾದ ಕಾಕಾ. ಮಷಿನ್ನಿನ ಬೆಡ್ ಮೇಲೆ ಕೈಯಾಡಿಸಿ, ಮಾಲು ಹಿಡಿಯೋ ಚಕ್ ತಿರುಗಿಸಿ ನೋಡಿ ರೇಟ್ ಕೇಳಿದೆ. ಅವರು ರೇಟ್ ಹೇಳಲಿಲ್ಲ.

"ನೌಕರಿ ಬಿಟ್ಟ್ರೇನ್ರಿ?"

"ಇನ್ನೂ ಇಲ್ರಿ. ಮಷಿನ್ ತಗೊಂಡ್ ಮ್ಯಾಲೆ ಬಿಡಬೇಕಂತ ಮಾಡೇನಿ."

"ಮನ್ಯಾಗ ಮತ್ತ ಯಾರ್ದರೆ ಪಗಾರ ಬರ್ತೈತೇನ್ರಿ?"

ಸಿಟ್ಟು ಬಂತು. ಹೆಣ್ಣು ಕೊಡೋ ಬೀಗರು ಕೇಳಿದ ಹಾಗಿತ್ತು. ಆದರೆ ಬೈಕ್ ಮೇಲೆ ಬರುವಾಗ ಅದೇ ಮಾತು, ಊಟಕ್ಕೆ ಕೂತಾಗ ಅದೇ ಮಾತು, ಮರುದಿನ ಕಂಪನಿಯಲ್ಲಿ ಜಾಬ್ ಸೆಟ್ ಮಾಡುವಾಗಲೂ ಅದೇ.

"ನಾನೂ ನಿನ್ನಂಗ ಆಪರೇಟರ್ ಇದ್ದೆ" ಅನ್ನುವ ಮಾಲೀಕರು ಉದ್ಯಮಬಾಗದಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಕಥೆ ಕೇಳಿಯೇ ನನಗೂ ಆಸೆ ಹುಟ್ಟಿದ್ದು. ಈಗ ಕಾಕಾರ ಪ್ರಶ್ನೆ ಹಿಡಿದು ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ಒಬ್ಬರ ಹೆಂಡತಿ ಸರಕಾರಿ ಸಾಲಿ ಟೀಚರ್. ಇನ್ನೊಬ್ಬರ ಅಣ್ಣ ಮಿಲಿಟರಿಯಲ್ಲಿದ್ದ. ಸಿಕ್ಕಾಗೆಲ್ಲ "ನೌಕರಿ ಒಗಿ, ಧೈರ್ಯ ಮಾಡು" ಅನ್ನುವವರು ಅಪ್ಪ ಕಟ್ಟಿಸಿದ ಶೆಡ್ಡಿನಲ್ಲಿ ಕೂತಿದ್ದಾರೆ. ಒಳ್ಳೆಯವರೇ, ಆದರೆ ಅವರ ಧೈರ್ಯಕ್ಕೆ ಬಾಡಿಗೆ ಕಟ್ಟೋದು ಇರಲಿಲ್ಲ.

ಜಾಬ್ ವರ್ಕ್ ಅಂದರೆ ಬೇರೆ ಕಂಪನಿಯ ಮಾಲು ತಂದು ಕೆಲಸ ಮಾಡಿಕೊಡೋದು. ಅದರಲ್ಲಿ ಕಷ್ಟ ಇರೋದು ಕೆಲಸದ್ದಲ್ಲ, ಕಾಯೋದರದ್ದು. ಕಾಸ್ಟಿಂಗ್ (ಎರಕ ಹೊಯ್ದ ಮಾಲು) ಬರುತ್ತದೆ, ಲೇಥ್ ಮೇಲೆ ಟರ್ನಿಂಗ್, ಬೋರಿಂಗ್ ಮಾಡಿ ಚಲನ್ ಹಾಕಿ ಕಳಿಸುತ್ತೀರಿ. ಕರೆಂಟ್ ಬಿಲ್ಲು, ಹುಡುಗನ ಪಗಾರ ಆ ತಿಂಗಳೇ ಹೋಗುತ್ತವೆ. ನಿಮ್ಮ ದುಡ್ಡು ಮಾತ್ರ ಮೂರು ತಿಂಗಳಾದರೂ ಬಂದಿರೋದಿಲ್ಲ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ 45 ದಿನ ದಾಟುವ ಹಾಗಿಲ್ಲ, ದಾಟಿದರೆ ಬಡ್ಡಿ ಕೊಡಬೇಕು. ಸಣ್ಣ ಉದ್ಯಮ ಅಂತ ಸರಕಾರದಲ್ಲಿ ಮಾಡಿಸೋ ಉದ್ಯಮ್ ನೋಂದಣಿ ಇರಬೇಕು ಅಷ್ಟೇ. ಅದು ಆನ್‌ಲೈನ್‌ನಲ್ಲಿ ಪುಕ್ಕಟೆ, ಆದರೂ ಏಜೆಂಟರು ದುಡ್ಡು ಕೀಳುತ್ತಾರೆ, ಆ ಮಾತು ಬೇರೆ. ದೂರು ಕೊಟ್ಟರೆ ಹಣ ಬಂದೀತು. ಮುಂದಿನ ಆರ್ಡರ್ ಬರುತ್ತದಾ? ಕಾಕಾ ಮಷಿನ್ ಮಾರುತ್ತಿರೋದೂ ಇದಕ್ಕೇ. ಕೆಲಸ ಇತ್ತಂತೆ, ದುಡ್ಡು ಬರೋ ತನಕ ತಡೆಯೋ ತಾಕತ್ತು ಮುಗಿಯಿತಂತೆ.

ನಮ್ಮ ಮನೆಯಲ್ಲಿ ಕಾಯೋ ಬಿಲ್ಲು ಆಗಲೇ ಒಂದಿದೆ. ಅಪ್ಪ ಬೈಲಹೊಂಗಲ ಕಡೆ ಕಬ್ಬು ಬೆಳೆಯುತ್ತಾರೆ. ಕಬ್ಬು ಕಳಿಸಿದ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಹೋದ ಹಂಗಾಮಿನ ಬಾಕಿಗೆ ಅಪ್ಪ ಫ್ಯಾಕ್ಟರಿಗೆ ಅಲೆದದ್ದನ್ನೂ ನೋಡಿದ್ದೇನೆ. ಆಗ ತಂಗಿಯ ಫೀ, ಅವ್ವನ ಶುಗರ್ ಗುಳಿಗೆ ನಿಲ್ಲದೆ ನಡೆದದ್ದು ಏಳನೇ ತಾರೀಖಿಗೆ ಬೀಳುವ ನನ್ನ ಪಗಾರದಿಂದ. ಅಂದರೆ ಕಾಕಾ ಕೇಳಿದ ಆ "ಮತ್ತ ಯಾರ್ದರೆ ಪಗಾರ" ಅಪ್ಪನ ಪಾಲಿಗೆ ನನ್ನದೇ. ನಾನೂ ಬಿಟ್ಟರೆ ಮನೆಯಲ್ಲಿ ತಾರೀಖು ಇರೋ ದುಡ್ಡು ಒಂದೂ ಉಳಿಯೋದಿಲ್ಲ.

ತಮಾಷೆ ಅಂದರೆ, ಮಷಿನ್ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಕೇಳಿದ್ದು ಸ್ಯಾಲರಿ ಸ್ಲಿಪ್.

ಅದಕ್ಕೆ ಸದ್ಯ ಮಷಿನ್ ಬೇಡ. ಸಣ್ಣ ಆರ್ಡರ್ ಹಿಡಿದು, ಸಂಜೆ ಹೊತ್ತು ಬೇರೆಯವರ ಮಷಿನ್ ಮೇಲೆ ಗಂಟೆ ಲೆಕ್ಕದಲ್ಲಿ ಮಾಡೋದು. ಆದರೆ ನೇಮಕಾತಿ ಪತ್ರದಲ್ಲಿ ಬೇರೆ ಧಂದೆ ಮಾಡಬಾರದು ಅಂತ ಒಂದು ಸಾಲಿದೆ. "ಹೆಂಡ್ತಿ ಹೆಸರಿಲೆ ಮಾಡಲೇ, ಯಾರ್ ನೋಡ್ತಾರ?" ಅಂದ ಗೆಳೆಯ. ಉದ್ಯಮಬಾಗದಲ್ಲಿ ಯಾರೂ ನೋಡೋದಿಲ್ಲವಂತೆ! ಸುದ್ದಿ ಹರಡೋಕೆ ಒಂದು ಚಹಾದಂಗಡಿ ಸಾಕು. ಸೋಮವಾರ ಎಚ್‌ಆರ್‌ಗೆ ಬರೆದೇ ಕೇಳುತ್ತೇನೆ: ಕಂಪನಿಯ ಗಿರಾಕಿಗಳ ಕೆಲಸ ಮುಟ್ಟೋದಿಲ್ಲ, ಡ್ರಾಯಿಂಗ್ ಹೊರಗೆ ಒಯ್ಯೋದಿಲ್ಲ. ಒಪ್ಪದಿದ್ದರೆ ಗ್ರಾಚುಯಿಟಿಗೆ ಐದು ವರ್ಷ ತುಂಬುವ ತನಕ ತಡೆಯುತ್ತೇನೆ.

ಗೆಳೆಯ ಇದಕ್ಕೆ ಪುಕ್ಕಲುತನ ಅಂತಾನೆ. ಅವನ ಹೆಂಡತಿ ಬ್ಯಾಂಕಿನಲ್ಲಿ ಕ್ಲರ್ಕ್.