ಟೀಚರೇ, ನೀವು ಯಾರ ಪರ?

ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಪಾಠ ಮಾಡುವವಳು ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ: "ಎಂಡೋಸಲ್ಫಾನ್ ವಿಷಯ ಮಕ್ಕಳಿಗೆ ಹೇಗೆ ಹೇಳ್ತೀರಿ ಟೀಚರೇ? ನೀವು ಯಾರ ಪರ?" ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಪೆರ್ಲದಲ್ಲಿ ಬಸ್ಸಿಗೆ ಕಾಯುವಾಗ ಕೇಳಿದ್ದಾರೆ. ಮಕ್ಕಳ ಹೆತ್ತವರು ಕೇಳುವಾಗ ದನಿಯಲ್ಲಿ ಕುತೂಹಲಕ್ಕಿಂತ ಅಂಜಿಕೆಯೇ ಹೆಚ್ಚು.

ದೂರದವರಿಗಾಗಿ ಎರಡು ಮಾತು. ನಮ್ಮ ಗುಡ್ಡಗಳ ನೆತ್ತಿಯಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಗೇರಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಮದ್ದು ಬಿಟ್ಟರು. ಮನೆಗಳು, ತೋಡು, ಕುಡಿಯುವ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳು ಎಲ್ಲ ಗುಡ್ಡದ ಕೆಳಗೆ. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಾಯಿಲೆಗಳು ಏಕೆ ಇಷ್ಟೊಂದು ಎಂದು ಅನುಮಾನಪಟ್ಟರು, ಪತ್ರಕರ್ತ ಶ್ರೀಪಡ್ರೆ ಬರೆದರು, ಪೆರಿಯದ ಲೀಲಾಕುಮಾರಿ ಅಮ್ಮ ಮದ್ದು ಬಿಡುವುದನ್ನು ನಿಲ್ಲಿಸಿ ಎಂದು 1998ರಲ್ಲಿ ಕೋರ್ಟಿಗೆ ಹೋದರು. ಉಳಿದದ್ದು ಎಲ್ಲರೂ ಕೇಳಿದ ಕಥೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಈ ಪಾಠ ಶುರುಮಾಡಿದ್ದು ಫೋಟೋಗಳಿಂದ. ಪತ್ರಿಕೆಗಳಲ್ಲಿ ಬಂದ, ಕಾಯಿಲೆ, ಅಂಗವೈಕಲ್ಯದಿಂದ ನರಳುವ ನಮ್ಮ ಕಡೆಯ ಮಕ್ಕಳ ಫೋಟೋಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದೆ. ಎಂಟನೇ ತರಗತಿಯ ಒಬ್ಬಳು ತಗ್ಗಿಸಿದ ತಲೆಯನ್ನು ಗಂಟೆ ಹೊಡೆಯುವವರೆಗೆ ಎತ್ತಲಿಲ್ಲ. ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು: "ಫೋಟೋದವರು ಬರ್ತಾರೆ ಅಂದ್ರೆ ಅಮ್ಮ ತಮ್ಮನಿಗೆ ಒಳ್ಳೆ ಅಂಗಿ ಹಾಕ್ತಾರೆ ಟೀಚರ್. ಅವರು ಬಂದು ಅದನ್ನು ತೆಗೀಲಿಕ್ಕೆ ಹೇಳ್ತಾರೆ." ಅಂದಿನಿಂದ ನನ್ನ ತರಗತಿಯಲ್ಲಿ ಆ ಫೋಟೋಗಳಿಲ್ಲ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ತಿಳಿದುಕೊಳ್ಳದೆ ಈ ವಿಷಯ ಎತ್ತುವುದೂ ಇಲ್ಲ.

ಇನ್ನು ಪ್ರಶ್ನೆಗೆ ಬರುತ್ತೇನೆ. "ಯಾರ ಪರ" ಎನ್ನುವವರು ಮೂರು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೇಳುತ್ತಾರೆ. ಆ ಗಂಟು ಬಿಚ್ಚುವುದೇ ನನ್ನ ಪಾಠ. ಈ ಮದ್ದು ವಿಷವೋ? ಇದರಲ್ಲಿ ಎರಡು ಮಾತಿಲ್ಲ, ನರಗಳ ಮೇಲೆ ಕೆಲಸ ಮಾಡುವ ವಿಷ. 2011ರ ಏಪ್ರಿಲಿನಲ್ಲಿ ಬೇಗ ಕರಗದೆ ಉಳಿಯುವ ವಿಷಗಳನ್ನು ಜಗತ್ತಿನಲ್ಲಿ ನಿಲ್ಲಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ತಡೆ ಹಾಕಿತು. ಇದನ್ನು ಚರ್ಚೆಗೆ ಬಿಟ್ಟರೆ ನಾನು ಮಕ್ಕಳಿಗೆ ಮೋಸ ಮಾಡಿದ ಹಾಗೆ. ಊರಿನ ಇಷ್ಟೂ ಕಾಯಿಲೆಗಳಿಗೆ ಅದೊಂದೇ ಕಾರಣವೋ? ಇಲ್ಲಿ ತಿಳಿದವರಲ್ಲೇ ಜಗಳ ಉಂಟು, ಅದನ್ನು ಮುಚ್ಚಿಡುವುದಿಲ್ಲ. ನರಳುವವರಿಗೆ ಯಾರು, ಯಾವಾಗ, ಎಷ್ಟು ಕೊಡಬೇಕು? ಇದು ಪ್ರಯೋಗಶಾಲೆ ತೀರ್ಮಾನಿಸುವ ಮಾತೇ ಅಲ್ಲ.

ಎರಡನೆಯ ಪ್ರಶ್ನೆಗೆ ನಾನು ಮೂರು ಪೀರಿಯಡ್ ಕೊಡುತ್ತೇನೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಜನರ ರಕ್ತದಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ತೋಟದ ನಿಗಮವೇ ಮಾಡಿಸಿದ ಪರೀಕ್ಷೆಯ ವರದಿಯು ರಕ್ತದಲ್ಲಿ ಅದು ಇಲ್ಲ ಎಂದಿತು. "ಯಾರು ಸುಳ್ಳು ಹೇಳಿದ್ದು?" ಎಂದು ಮಕ್ಕಳು ತಕ್ಷಣ ಕೇಳುತ್ತಾರೆ. ನಾನು ಬೇರೆ ಪ್ರಶ್ನೆಗಳನ್ನು ಬೋರ್ಡಿನಲ್ಲಿ ಬರೆಯುತ್ತೇನೆ: ಮದ್ದು ಬಿಟ್ಟು ಎಷ್ಟು ದಿನದ ಮೇಲೆ ರಕ್ತ ತೆಗೆದರು? ಯಾವ ಮನೆಗಳಿಂದ? ದುಡ್ಡು ಯಾರದು? ಆಮೇಲೆ 2003ರ ಒಂದು ಅಧ್ಯಯನ. ಗೇರು ಗುಡ್ಡದ ಬುಡದ ಹಳ್ಳಿಯ 117 ಹುಡುಗರನ್ನು, ಮದ್ದು ಬೀಳದ ಜಾಗದ 90 ಹುಡುಗರ ಜೊತೆ ಹೋಲಿಸಿದ್ದು. ಹುಡುಗರು ಪ್ರಾಯಕ್ಕೆ ಬರುವುದು ಇದರಿಂದ ತಡವಾಗಬಹುದು ಎಂದು ಅದರಲ್ಲಿತ್ತು. ಆ 'ಬಹುದು' ಎಂಬುದರ ಮೇಲೆ ಅರ್ಧ ಪೀರಿಯಡ್ ಹೋಗುತ್ತದೆ. ಭಾಷಣದಲ್ಲಿ ಅದು 'ಆಗುತ್ತದೆ' ಆಗಿಬಿಡುತ್ತದೆ, ಎದುರು ಪಕ್ಷದವರ ಬಾಯಲ್ಲಿ 'ಏನೂ ಸಾಬೀತಾಗಿಲ್ಲ' ಆಗುತ್ತದೆ. 'ಬಹುದು' ಇದ್ದಲ್ಲೇ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ.

ಒಂದು ವರ್ಷ ಒಬ್ಬ ಹುಡುಗ ಎದ್ದು ನಿಂತ. ಅವನ ಅಜ್ಜ ತೋಟದಲ್ಲಿ ಮದ್ದು ಕಲಸಿದವರು. "ಅಜ್ಜನಿಗೆ ಎಂಬತ್ತು ಆಯ್ತು ಟೀಚರ್, ಎಂತ ಸಹ ಆಗಲಿಲ್ಲ. ಹಾಗಾದ್ರೆ ಉಳಿದವರು ಹೇಳುವುದು ಸುಳ್ಳಾ?" ಪಕ್ಕದ ಬೆಂಚಿನಲ್ಲಿ ಹಾಸಿಗೆ ಹಿಡಿದ ಚಿಕ್ಕಮ್ಮನಿದ್ದ ಹುಡುಗಿ. ಅವಳ ಮುಖ ಕೆಂಪಾಯಿತು. ನಾನು ಇಬ್ಬರ ಮಾತನ್ನೂ ಬೋರ್ಡಿನ ಎರಡು ಬದಿಗೆ ಬರೆದೆ. ಅಜ್ಜನ ಜೊತೆ ಮದ್ದು ಕಲಸಿದವರು ಎಷ್ಟು ಮಂದಿ, ಅವರೆಲ್ಲ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಹುಡುಗ ಮನೆಗೆ ಹೋಗಿ ಕೇಳಿಕೊಂಡು ಬಂದ. "ಐದು ಜನ ಇದ್ದರಂತೆ. ಇಬ್ಬರು ತೀರಿಹೋಗಿದ್ದಾರೆ, ಒಬ್ಬರು ಊರು ಬಿಟ್ಟಿದ್ದಾರೆ." ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದ: "ತೀರಿಹೋದವರನ್ನು ಕೇಳ್ಲಿಕ್ಕೆ ಆಗುವುದಿಲ್ಲ ಅಲ್ವಾ ಟೀಚರ್." ಆಗ ಆ ಹುಡುಗಿ ಕೇಳಿದಳು, "ಅವರು ಯಾವುದರಿಂದ ತೀರಿಹೋದದ್ದು ಅಂತಲೂ ಗೊತ್ತಿಲ್ಲ ಅಲ್ವಾ?" ಇಬ್ಬರೂ ತಮ್ಮ ಮನೆಯ ಕಡೆಗೇ ವಾಲದೆ ಆಡಿದ ಮಾತುಗಳವು. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನಡೆದದ್ದು ನೆನಪಿಲ್ಲ.

ಮೂರನೆಯದರಲ್ಲಿ ನನ್ನ ನಿಲುವನ್ನು ಮಕ್ಕಳಿಗೆ ಹೇಳುತ್ತೇನೆ, ಇದು ನನ್ನ ನಿಲುವು ಎಂದು ಹೇಳಿಯೇ. ಒಬ್ಬೊಬ್ಬರ ಕಾಯಿಲೆಗೂ ಪುರಾವೆ ಸಿಗುವವರೆಗೆ ನೆರವು ಕಾಯಬಾರದು. ಆಕಾಶದಿಂದ ಮದ್ದು ಬೀಳುವಾಗ ಯಾರೂ ಅವರ ಒಪ್ಪಿಗೆ ಕೇಳಿರಲಿಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ನರಳುವವರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತ್ತು. ಆಮೇಲೂ ಎಷ್ಟೋ ಮಂದಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ, ಏರಲಿ.

ಆದರೆ ಇದನ್ನು ಹಳೆಯ ಕಥೆಯಾಗಿ ಮುಗಿಸಲು ಮಕ್ಕಳು ಬಿಡುವುದಿಲ್ಲ. "ನಮ್ಮ ತೋಟದಲ್ಲೂ ಮದ್ದು ಬಿಡ್ತಾರಲ್ಲ ಟೀಚರ್?" ಹೌದು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಅದು ಬೇರೆ, ಇದು ಬೇರೆ, ಎಷ್ಟು ಬೇರೆ ಎಂಬುದನ್ನು ಅವರೇ ನೋಡಲಿ. ಹಾಗಾಗಿ ಮಳೆಗಾಲದ ಮುಂಚೆ ಒಂದು ಕೆಲಸ ಕೊಡುತ್ತೇನೆ: ಮನೆಯಲ್ಲಿ ಮದ್ದು ಬಿಡುವ ದಿನ ಗಾಳಿ ಯಾವ ಕಡೆಗಿತ್ತು, ನೀರಿನ ಜಾಗ ಎಲ್ಲಿತ್ತು, ಬಿಡುವವರು ಏನು ಹಾಕಿಕೊಂಡಿದ್ದರು, ಚಿತ್ರ ಬಿಡಿಸಿ ತನ್ನಿ. ಕಳೆದ ವರ್ಷ ಏಳನೆಯ ತರಗತಿಯ ಒಬ್ಬ ಬಾಣದ ಗುರುತು ಹಾಕಿ ತೋಟ ಬಿಡಿಸಿದ್ದ. ಕೆಳಗೆ ಬರೆದಿದ್ದ: "ಬಾವಿ ಮುಚ್ಚಿತ್ತು. ಸುರಂಗದ ನೀರು ಬೀಳುವ ಟಾಂಕಿ ತೆರೆದೇ ಇತ್ತು. ಅಪ್ಪನಿಗೆ ಹೇಳಿದೆ. ತಾರ್ಪಾಲು ಹಾಕಿದರು."